ಮಿದುಳಿನ ರಕ್ತನಾಳ ಕಿರಿದಾದಾಗ ಯೋಚನೆ ನಿಧಾನವಾಗುವುದೇಕೆ? ರೋಗಿಗಳು ಮತ್ತು ಮನೆಯವರು ತಿಳಿಯಬೇಕಾದದ್ದು

ತಿಂಗಳ ಲೆಕ್ಕವನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದ ತಂದೆ ಈಗ ಒಂದು ಕರೆಂಟ್ ಬಿಲ್ ಹಿಡಿದುಕೊಂಡು ಅರ್ಧ ಗಂಟೆ ಕೂರುತ್ತಾರೆ. ಅನ್ನ, ಸಾರು, ಪಲ್ಯ ಮೂರನ್ನೂ ಒಟ್ಟಿಗೇ ಮುಗಿಸುತ್ತಿದ್ದ ತಾಯಿ ಒಲೆಯ ಮುಂದೆ ನಿಂತು ಮುಂದೇನು ಎಂದು ತಡವರಿಸುತ್ತಾರೆ. ಕೇಳಿದ್ದಕ್ಕೆ ಉತ್ತರ ಬರುತ್ತದೆ, ಆದರೆ ತಡವಾಗಿ. ಹೆಸರು, ಮುಖ, ಹಳೆಯ ಸಂಗತಿಗಳೆಲ್ಲ ನೆನಪಿವೆ. ಹಾಗಾಗಿ ಮನೆಯವರು "ವಯಸ್ಸಾಯಿತು", "ಸೋಮಾರಿತನ", "ಬೇಕೆಂದೇ ಹೀಗೆ ಮಾಡುತ್ತಾರೆ" ಎಂದುಕೊಳ್ಳುತ್ತಾರೆ.

ಅವರ ಫೈಲಿನಲ್ಲಿರುವ ಸ್ಕ್ಯಾನ್ ವರದಿಯಲ್ಲಿ "ಸ್ಟೆನೋಸಿಸ್" ಎಂಬ ಪದವಿದ್ದರೆ, ಈ ಬದಲಾವಣೆಗೆ ಬೇರೆ ಕಾರಣವಿರಬಹುದು. ಸ್ಟೆನೋಸಿಸ್ ಎಂದರೆ ರಕ್ತನಾಳ ಕಿರಿದಾಗಿದೆ ಎಂದರ್ಥ. ಮಿದುಳಿಗೆ ರಕ್ತ ಒಯ್ಯುವ ನಾಳ ಕಿರಿದಾದಾಗ ಪಾರ್ಶ್ವವಾಯು ಬರಬಹುದು ಎಂಬುದು ಬಹಳ ಮಂದಿಗೆ ಗೊತ್ತು. ಪಾರ್ಶ್ವವಾಯು ಆಗದಿದ್ದರೂ ಯೋಚಿಸುವ, ಯೋಜಿಸುವ, ಗಮನವಿಡುವ ಶಕ್ತಿ ಕುಂದಬಹುದು ಎಂಬುದು ಅಷ್ಟಾಗಿ ಗೊತ್ತಿಲ್ಲ. ಇದು ಏಕಾಗುತ್ತದೆ, ಹೇಗೆ ಗುರುತಿಸಬೇಕು, ಮನೆಯಲ್ಲಿ ಏನು ಮಾಡಬಹುದು ಎಂಬುದನ್ನು ಇಲ್ಲಿ ನೋಡೋಣ.

ಮುಖ್ಯ ಅಂಶಗಳು

• ರಕ್ತನಾಳದ ತೊಂದರೆಯಲ್ಲಿ ಮರೆವಿಗಿಂತ ಮೊದಲು ಕಾಣುವುದು ಹೆಚ್ಚಾಗಿ ನಿಧಾನಗತಿ, ಯೋಜನೆಯಲ್ಲಿ ತಡವರಿಕೆ ಮತ್ತು ನಿರಾಸಕ್ತಿ.
• ಆಗಿಹೋದ ಹಾನಿಯನ್ನು ಪೂರ್ತಿ ಸರಿಪಡಿಸಲಾಗದು. ಮುಂದಿನ ಹಾನಿಯನ್ನು ತಡೆಯಲು, ನಿಧಾನಗೊಳಿಸಲು ಸಾಧ್ಯವಿದೆ.
• ಚಿಕಿತ್ಸೆಯ ಬೆನ್ನೆಲುಬು ದಿನನಿತ್ಯದ ಮಾತ್ರೆ ಮತ್ತು ಬಿಪಿ, ಸಕ್ಕರೆ, ಕೊಲೆಸ್ಟರಾಲ್‌ಗಳ ಹಿಡಿತ. ಇವನ್ನು ನೆನಪಿಟ್ಟು ನಡೆಸುವ ಶಕ್ತಿಯೇ ರೋಗಿಯಲ್ಲಿ ಕುಂದಿರುತ್ತದೆ. ಆದ್ದರಿಂದ ಮನೆಯವರ ಪಾಲು ಇಲ್ಲಿ ಚಿಕಿತ್ಸೆಯ ಒಂದು ಭಾಗ.

ಯಾವ ರಕ್ತನಾಳಗಳು? ಹೇಗೆ ಕಿರಿದಾಗುತ್ತವೆ?

ಮಿದುಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇ. 2 ಮಾತ್ರ. ಆದರೆ ನಾವು ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಕುತ್ತಿಗೆಯ ಮೂಲಕ ಹೋಗುವ ನಾಲ್ಕು ದೊಡ್ಡ ನಾಳಗಳು ಈ ರಕ್ತವನ್ನು ಒಯ್ಯುತ್ತವೆ: ಮುಂಭಾಗದಲ್ಲಿ ಎರಡು ಕೆರೋಟಿಡ್ ನಾಳಗಳು, ಹಿಂಭಾಗದಲ್ಲಿ ಬೆನ್ನುಮೂಳೆಯ ಪಕ್ಕದಲ್ಲಿ ಸಾಗುವ ಎರಡು ವರ್ಟಿಬ್ರಲ್ ನಾಳಗಳು. ಇವು ಮಿದುಳಿನ ತಳದಲ್ಲಿ ಒಂದು ಬಳೆಯಂತೆ ಕೂಡಿಕೊಳ್ಳುತ್ತವೆ. ಅಲ್ಲಿಂದ ಕವಲುಗಳು ಮಿದುಳಿನ ಒಂದೊಂದು ಭಾಗಕ್ಕೆ ಹೋಗುತ್ತವೆ. ಈ ಬಳೆಗೆ "ಸರ್ಕಲ್ ಆಫ್ ವಿಲ್ಲಿಸ್" ಎಂದು ಹೆಸರು.

ವಯಸ್ಸು, ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೆಚ್ಚಿನ ಕೊಲೆಸ್ಟರಾಲ್, ತಂಬಾಕು ಇವುಗಳಿಂದ ನಾಳದ ಒಳಗೋಡೆಯಲ್ಲಿ ಕೊಬ್ಬಿನ ಪದರ ಬೆಳೆಯುತ್ತದೆ. ಹಳೆಯ ನಲ್ಲಿ ಪೈಪಿನೊಳಗೆ ಪಾಚಿ ಕಟ್ಟಿದಂತೆ ದಾರಿ ಸಣ್ಣದಾಗುತ್ತದೆ. ವರದಿಯಲ್ಲಿ ಇದನ್ನು ಶೇಕಡಾವಾರು ಬರೆದಿರುತ್ತಾರೆ. ಸಾಮಾನ್ಯವಾಗಿ ಶೇ. 50ಕ್ಕಿಂತ ಕಡಿಮೆ ಇದ್ದರೆ ಅಲ್ಪ, 50ರಿಂದ 69 ಇದ್ದರೆ ಮಧ್ಯಮ, 70ರಿಂದ 99 ಇದ್ದರೆ ತೀವ್ರ. 100 ಎಂದರೆ ನಾಳ ಪೂರ್ತಿ ಮುಚ್ಚಿದೆ.

ಕಿರಿದಾಗುವುದು ಕುತ್ತಿಗೆಯಲ್ಲಾಗಬಹುದು, ತಲೆಬುರುಡೆಯ ಒಳಗೂ ಆಗಬಹುದು. ಯುರೋಪಿನ ಬಿಳಿಯ ಜನರಲ್ಲಿ ಕುತ್ತಿಗೆಯ ನಾಳದ ತೊಂದರೆ ಹೆಚ್ಚು. ಭಾರತವೂ ಸೇರಿದಂತೆ ಏಷ್ಯಾದ ಜನರಲ್ಲಿ ತಲೆಯೊಳಗಿನ ನಾಳಗಳ ತೊಂದರೆ ಹೋಲಿಕೆಯಲ್ಲಿ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಕುತ್ತಿಗೆಯ ಡಾಪ್ಲರ್ ಒಂದೇ ನಾರ್ಮಲ್ ಬಂತೆಂದು ಸಮಾಧಾನ ಪಡುವಂತಿಲ್ಲ. ವೈದ್ಯರಿಗೆ ಅನುಮಾನವಿದ್ದರೆ ತಲೆಯೊಳಗಿನ ನಾಳಗಳನ್ನೂ ನೋಡಬೇಕಾಗುತ್ತದೆ.

ಯೋಚನಾಶಕ್ತಿಗೆ ಪೆಟ್ಟು ಬೀಳುವ ಮೂರು ದಾರಿಗಳು

ಮೊದಲನೆಯದು, ಕಣ್ಣಿಗೆ ಕಾಣುವ ಪಾರ್ಶ್ವವಾಯು. ನಾಳ ಮುಚ್ಚಿ ಮಿದುಳಿನ ಒಂದು ಭಾಗ ಸತ್ತರೆ, ಆ ಭಾಗ ಮಾಡುತ್ತಿದ್ದ ಕೆಲಸಕ್ಕೆ ಧಕ್ಕೆಯಾಗುತ್ತದೆ. ಕೈಕಾಲು ಸುಧಾರಿಸಿದ ಮೇಲೂ ಗಮನ, ಲೆಕ್ಕ, ಮಾತಿನ ಹುಡುಕಾಟದಲ್ಲಿ ತೊಂದರೆ ಉಳಿಯಬಹುದು.

ಎರಡನೆಯದು, ಸದ್ದಿಲ್ಲದ ಪಾರ್ಶ್ವವಾಯು. ಕೊಬ್ಬಿನ ಪದರದಿಂದ ಕಿತ್ತುಬಂದ ಸಣ್ಣ ಚೂರುಗಳು ಮುಂದಿನ ಕಿರುನಾಳಗಳಲ್ಲಿ ಸಿಕ್ಕಿಕೊಂಡು ಚುಕ್ಕೆಯಷ್ಟು ಜಾಗಕ್ಕೆ ಹಾನಿ ಮಾಡುತ್ತವೆ. ಕೈ ಸೋಲುವುದಿಲ್ಲ, ಬಾಯಿ ಸೊಟ್ಟಗಾಗುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಎಂಆರ್‌ಐ ಮಾಡಿದಾಗ ಮಾತ್ರ "ಹಳೆಯ ಸಣ್ಣ ಇನ್ಫಾರ್ಕ್ಟ್‌ಗಳು" ಎಂದು ವರದಿ ಬರುತ್ತದೆ. ಇಂಥವು ಒಂದೊಂದಾಗಿ ಸೇರಿದಾಗ ಒಟ್ಟು ಪರಿಣಾಮ ಕಾಣತೊಡಗುತ್ತದೆ.

ಮೂರನೆಯದು, ದೀರ್ಘಕಾಲದ ರಕ್ತದ ಕೊರತೆ. ದೊಡ್ಡ ನಾಳ ಕಿರಿದಾದಾಗ ಮಿದುಳು ಅಕ್ಕಪಕ್ಕದ ನಾಳಗಳಿಂದ ರಕ್ತ ತರಿಸಿಕೊಂಡು ಸಂಭಾಳಿಸುತ್ತದೆ. ಈ ಪರ್ಯಾಯ ದಾರಿಗಳು ಕೆಲವರಲ್ಲಿ ಚೆನ್ನಾಗಿರುತ್ತವೆ, ಕೆಲವರಲ್ಲಿ ಇರುವುದಿಲ್ಲ. ಹೀಗಾಗಿ ಒಂದೇ ಶೇ. 80 ಎಂಬ ವರದಿಯಿರುವ ಇಬ್ಬರಲ್ಲಿ ಒಬ್ಬರು ಚುರುಕಾಗಿದ್ದು ಇನ್ನೊಬ್ಬರು ಮಂಕಾಗಿರಬಹುದು. ಕೊರತೆ ಮೊದಲು ತಟ್ಟುವುದು ಎರಡು ನಾಳಗಳ ವ್ಯಾಪ್ತಿಯ ಗಡಿಯಲ್ಲಿರುವ ಭಾಗಗಳಿಗೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಮೊದಲು ನಿಲ್ಲುವ ಹಾಗೆ. ಮಿದುಳಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ತಂತುಗಳು ಈ ಗಡಿಯಲ್ಲೇ ಹಾದುಹೋಗುತ್ತವೆ. ಅವು ಸೊರಗಿದರೆ ಒಂದೊಂದು ಭಾಗ ಸರಿಯಿದ್ದರೂ ಅವುಗಳ ನಡುವಿನ ಸಂಪರ್ಕ ನಿಧಾನವಾಗುತ್ತದೆ.

ಕುತ್ತಿಗೆಯ ನಾಳ ತೀವ್ರವಾಗಿ ಕಿರಿದಾಗಿದ್ದು, ಒಮ್ಮೆಯೂ ಪಾರ್ಶ್ವವಾಯು ಆಗದ ಜನರನ್ನು ಪರೀಕ್ಷಿಸಿದ ಹಲವು ಅಧ್ಯಯನಗಳಲ್ಲಿ, ಅವರ ಗಮನ ಮತ್ತು ಯೋಚನೆಯ ವೇಗ ಅದೇ ವಯಸ್ಸಿನ ಇತರರಿಗಿಂತ ಕಡಿಮೆಯಿರುವುದು ಕಂಡಿದೆ. "ಲಕ್ಷಣವಿಲ್ಲದ ಸ್ಟೆನೋಸಿಸ್" ಎಂದು ವರದಿಯಲ್ಲಿದ್ದರೂ ಕೆಲವರಲ್ಲಿ ಲಕ್ಷಣ ಇದ್ದೇ ಇರುತ್ತದೆ. ಅದನ್ನು ಯಾರೂ ಹುಡುಕಿರುವುದಿಲ್ಲ, ಅಷ್ಟೇ.

ಇದು ಅಲ್ಝೈಮರ್ ಮರೆವಿಗಿಂತ ಹೇಗೆ ಬೇರೆ?

ಅಲ್ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಹೊಸ ನೆನಪು. ಬೆಳಗ್ಗೆ ಬಂದು ಹೋದ ನೆಂಟರು ಸಂಜೆಗೆ ನೆನಪಿರುವುದಿಲ್ಲ, ಸುಳಿವು ಕೊಟ್ಟರೂ ಹೊಳೆಯುವುದಿಲ್ಲ. ರಕ್ತನಾಳದ ಕಾರಣದಿಂದಾದ ತೊಂದರೆಯಲ್ಲಿ ನೆನಪು ಒಳಗೆ ಇರುತ್ತದೆ, ಹೊರಗೆ ತರಲು ಹೊತ್ತು ಹಿಡಿಯುತ್ತದೆ. "ಯಾರೋ ಧಾರವಾಡದಿಂದ ಬಂದಿದ್ದರಲ್ಲಾ" ಎಂದು ಸುಳಿವು ಕೊಟ್ಟರೆ ಹೆಸರು ಬರುತ್ತದೆ. ವೈದ್ಯರು ಇದನ್ನು "ವ್ಯಾಸ್ಕುಲರ್ ಕಾಗ್ನಿಟಿವ್ ಇಂಪೇರ್‌ಮೆಂಟ್" ಎಂದು ಬರೆಯಬಹುದು. ದಿನನಿತ್ಯದ ಕೆಲಸಗಳಿಗೆ ಇನ್ನೊಬ್ಬರನ್ನು ಅವಲಂಬಿಸುವಷ್ಟು ಹೆಚ್ಚಾದಾಗ ಅದು "ವ್ಯಾಸ್ಕುಲರ್ ಡಿಮೆನ್ಷಿಯಾ" ಆಗುತ್ತದೆ. ವಯಸ್ಸಾದವರಲ್ಲಿ ಎರಡೂ ಕಾಯಿಲೆಗಳು ಒಟ್ಟಿಗೆ ಇರುವುದೂ ಸಾಮಾನ್ಯ.

ನೀವು ಗಮನಿಸಬೇಕಾದ ಚಿಹ್ನೆಗಳು:

• ಮಾತಿಗೆ, ಪ್ರಶ್ನೆಗೆ ಉತ್ತರಿಸಲು ಮೊದಲಿಗಿಂತ ಹೆಚ್ಚು ಹೊತ್ತು.
• ಹಲವು ಹಂತಗಳ ಕೆಲಸದಲ್ಲಿ ತಡವರಿಕೆ: ಅಡುಗೆ, ಬ್ಯಾಂಕ್ ಕೆಲಸ, ಪ್ರಯಾಣದ ಟಿಕೆಟ್, ಪೂಜೆಯ ತಯಾರಿ.
• ಎರಡು ಕೆಲಸ ಒಟ್ಟಿಗೆ ಮಾಡಲಾಗದಿರುವುದು. ಉದಾಹರಣೆಗೆ, ನಡೆಯುತ್ತಾ ಮಾತಾಡುವಾಗ ಮಾತಾಡಲೆಂದು ನಿಂತುಬಿಡುವುದು.
• ಹಿಂದೆ ಇಷ್ಟವಿದ್ದದ್ದರಲ್ಲಿ ಆಸಕ್ತಿಯೇ ಇಲ್ಲದಿರುವುದು, ಗಂಟೆಗಟ್ಟಲೆ ಸುಮ್ಮನೆ ಕೂರುವುದು.
• ಸಣ್ಣದಕ್ಕೆ ಅಳು ಅಥವಾ ಸಿಟ್ಟು.
• ಕಿರುಹೆಜ್ಜೆಯ ನಡಿಗೆ, ಆಗಾಗ ಬೀಳುವುದು, ಮೂತ್ರ ತಡೆಯಲಾಗದಿರುವುದು.
• ಕೆಲ ತಿಂಗಳು ಹಾಗೇ ಇದ್ದು, ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು ಇಳಿದಂತೆ ಕೆಡುವುದು. ಎಲ್ಲರಲ್ಲೂ ಹೀಗೆ ಮೆಟ್ಟಿಲಾಗಿ ಆಗುವುದಿಲ್ಲ, ಕೆಲವರಲ್ಲಿ ನಿಧಾನವಾಗಿಯೇ ಇಳಿಯುತ್ತದೆ.

ಇವುಗಳಲ್ಲಿ ಮನೆಯ ನೆಮ್ಮದಿಯನ್ನು ಹೆಚ್ಚು ಕೆಡಿಸುವುದು ನಿರಾಸಕ್ತಿ. ಕೆಲಸವನ್ನು ಆರಂಭಿಸುವ ಪ್ರೇರಣೆಯೂ ಮಿದುಳಿನ ಒಂದು ಕೆಲಸವೇ. ಅದಕ್ಕೆ ಬೇಕಾದ ಸಂಪರ್ಕ ಹಾಳಾದಾಗ ಮನುಷ್ಯನಿಗೆ ಏಳಬೇಕೆಂದೇ ಅನಿಸುವುದಿಲ್ಲ. ಬೈದರೆ, ರೇಗಿದರೆ ಇದು ಸರಿಹೋಗುವುದಿಲ್ಲ. "ಬನ್ನಿ, ಇಬ್ಬರೂ ಕೆಳಗೆ ಹೋಗಿ ಬರೋಣ" ಎಂದು ಕೈ ಹಿಡಿದು ಎಬ್ಬಿಸಿದರೆ ಬಹಳ ಸಲ ಎದ್ದು ಬರುತ್ತಾರೆ. ಅವರಿಂದಾಗದ ಆರಂಭವನ್ನು ನೀವು ಮಾಡಿಕೊಡಬೇಕು. ಕೆಲವರಲ್ಲಿ ಇದರ ಜೊತೆಗೆ ಖಿನ್ನತೆಯೂ ಇರುತ್ತದೆ. ಅದಕ್ಕೆ ಚಿಕಿತ್ಸೆಯಿದೆ, ವೈದ್ಯರಿಗೆ ಹೇಳಿ.

ಯಾವ ಪರೀಕ್ಷೆಗಳು?

ನಾಳಗಳನ್ನು ನೋಡಲು ಕುತ್ತಿಗೆಯ ಡಾಪ್ಲರ್ ಅಲ್ಟ್ರಾಸೌಂಡ್, ಸಿಟಿ ಆಂಜಿಯೋಗ್ರಫಿ ಅಥವಾ ಎಂಆರ್ ಆಂಜಿಯೋಗ್ರಫಿ ಮಾಡುತ್ತಾರೆ. ಇನ್ನೂ ನಿಖರವಾಗಿ ತಿಳಿಯಬೇಕಾದಾಗ ತೊಡೆ ಅಥವಾ ಮಣಿಕಟ್ಟಿನ ಮೂಲಕ ಕೊಳವೆ ಹಾಕಿ ಡಿಎಸ್ಎ ಮಾಡಬಹುದು. ಮಿದುಳಿಗೆ ಆಗಿರುವ ಹಾನಿ ಎಂಆರ್‌ಐನಲ್ಲಿ ತಿಳಿಯುತ್ತದೆ.

ಆದರೆ ಯೋಚನಾಶಕ್ತಿ ಯಾವ ಸ್ಕ್ಯಾನ್‌ನಲ್ಲೂ ಕಾಣುವುದಿಲ್ಲ. ಅದನ್ನು ಪ್ರಶ್ನೆ ಕೇಳಿ, ಚಿತ್ರ ಬರೆಸಿ, ಲೆಕ್ಕ ಮಾಡಿಸಿ ಅಳೆಯಬೇಕು. "ಮೋಕಾ" ಎಂಬ 30 ಅಂಕಗಳ ಪರೀಕ್ಷೆ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ಹತ್ತರಿಂದ ಹದಿನೈದು ನಿಮಿಷ ಸಾಕು. ಪಾರ್ಶ್ವವಾಯು ವಿಭಾಗದ ಒತ್ತಡದಲ್ಲಿ ಇದು ಬಿಟ್ಟುಹೋಗುವುದುಂಟು. ಆದ್ದರಿಂದ ನೀವೇ ಕೇಳಿ: "ಇವರ ನೆನಪು ಮತ್ತು ಯೋಚನೆಯ ಪರೀಕ್ಷೆ ಮಾಡುತ್ತೀರಾ?"

ಕರ್ನಾಟಕದ ಹೊರಗಿರುವ ಕನ್ನಡಿಗರು ಇಲ್ಲಿ ಒಂದು ವಿಷಯ ಗಮನಿಸಬೇಕು. ಮಗನ ಮನೆಗೆಂದು ಪುಣೆಗೋ ದೆಹಲಿಗೋ ಬಂದ ತಾಯಿಗೆ ಹಿಂದಿಯಲ್ಲಿ ಪರೀಕ್ಷೆ ಮಾಡಿದರೆ ಅಂಕ ಕಡಿಮೆ ಬರುತ್ತದೆ. ಅದು ಕಾಯಿಲೆಯ ಅಂಕವೋ ಭಾಷೆಯ ಅಂಕವೋ ಹೇಳುವುದು ಕಷ್ಟ. ಓದು ಬರಹ ಹೆಚ್ಚು ಬಾರದವರಿಗೆ ಇಂಥ ಪರೀಕ್ಷೆಗಳು ಇನ್ನೂ ಅನ್ಯಾಯ ಮಾಡುತ್ತವೆ. ಮೋಕಾ ಪರೀಕ್ಷೆಯ ಕನ್ನಡ ಆವೃತ್ತಿ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಈ ಐದು ಭಾಷೆಗಳಲ್ಲಿ ಪರೀಕ್ಷೆಗಳ ಒಂದು ಗುಂಪನ್ನೇ ಸಿದ್ಧಪಡಿಸಿದೆ. ಕನ್ನಡದಲ್ಲಿ ಮಾಡಲು ಸಾಧ್ಯವೇ ಎಂದು ವಿಚಾರಿಸಿ. ಸಾಧ್ಯವಿಲ್ಲದಿದ್ದರೆ ನೀವು ಪ್ರಶ್ನೆಯನ್ನು ಅನುವಾದಿಸಿ ಹೇಳಬಹುದು, ಆದರೆ ಉತ್ತರದ ಸುಳಿವು ಕೊಡಬೇಡಿ. ಪಕ್ಕದಲ್ಲಿ ಕೂತು ಪಿಸುಗುಟ್ಟಿ ಗಳಿಸಿಕೊಟ್ಟ ಅಂಕ ಅವರ ಚಿಕಿತ್ಸೆಯನ್ನು ತಪ್ಪಿಸುತ್ತದೆ. ಓದು ಎಷ್ಟು, ಮನೆಮಾತು ಯಾವುದು ಎಂಬುದನ್ನು ಫೈಲಿನಲ್ಲಿ ಬರೆಸಿ.

ಇದರ ಜೊತೆಗೆ ವಿಟಮಿನ್ ಬಿ12, ಥೈರಾಯ್ಡ್, ಸೋಡಿಯಂ, ಸಕ್ಕರೆ ಪರೀಕ್ಷೆ ಮಾಡಿಸುತ್ತಾರೆ. ಕಿವಿ ಕೇಳಿಸದಿರುವುದು, ಕಣ್ಣಿನ ಪೊರೆ, ಗೊರಕೆಯ ಜೊತೆ ಉಸಿರು ನಿಲ್ಲುವ ನಿದ್ರೆಯ ತೊಂದರೆ, ಖಿನ್ನತೆ ಇವೂ ಯೋಚನೆಯನ್ನು ಮಂಕಾಗಿಸುತ್ತವೆ. ನಿದ್ರೆ ಮಾತ್ರೆಗಳು, ಕೆಲವು ಹಳೆಯ ಶೀತ ಮತ್ತು ಅಲರ್ಜಿ ಮಾತ್ರೆಗಳೂ ಹಾಗೆಯೇ. ನಾಳವನ್ನು ಬದಲಾಯಿಸಲಾಗದಿದ್ದರೂ ಇವುಗಳಲ್ಲಿ ಹಲವನ್ನು ಸರಿಪಡಿಸಬಹುದು.

ಚಿಕಿತ್ಸೆ: ಮಾತ್ರೆಯೇ ಮುಖ್ಯ

ತಲೆಯೊಳಗಿನ ನಾಳ ಕಿರಿದಾಗಿದೆ ಎಂದು ಕೇಳಿದಾಗ ಮನೆಯವರು ಮೊದಲು ಕೇಳುವುದು, "ಹೃದಯಕ್ಕೆ ಹಾಕುವಂತೆ ಸ್ಟೆಂಟ್ ಹಾಕಿಸಬಹುದಲ್ಲವೇ?" ಎಂದು. ಈ ಪ್ರಶ್ನೆಗೆ ಉತ್ತರ ಹುಡುಕಿದ ಒಂದು ದೊಡ್ಡ ಅಧ್ಯಯನ ಅಮೆರಿಕದ ಸ್ಯಾಂಪ್ರಿಸ್. ಅದರ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ತಲೆಯೊಳಗಿನ ನಾಳ ಶೇ. 70ರಿಂದ 99 ಕಿರಿದಾಗಿ ಇತ್ತೀಚೆಗೆ ಪಾರ್ಶ್ವವಾಯು ಅಥವಾ ಅದರ ಮುನ್ಸೂಚನೆ ಕಂಡಿದ್ದ 451 ಮಂದಿಯಲ್ಲಿ ಒಂದು ಗುಂಪಿಗೆ ಮಾತ್ರೆ ಮತ್ತು ಕಟ್ಟುನಿಟ್ಟಿನ ನಿಯಂತ್ರಣ, ಇನ್ನೊಂದು ಗುಂಪಿಗೆ ಅದರ ಜೊತೆಗೆ ಸ್ಟೆಂಟ್. ಮೊದಲ 30 ದಿನಗಳಲ್ಲಿ ಸ್ಟೆಂಟ್ ಗುಂಪಿನ ಶೇ. 14.7 ಮಂದಿಗೆ ಪಾರ್ಶ್ವವಾಯು ಅಥವಾ ಸಾವು ಸಂಭವಿಸಿತು. ಮಾತ್ರೆಯ ಗುಂಪಿನಲ್ಲಿ ಅದು ಶೇ. 5.8. ಆದ್ದರಿಂದ ತಲೆಯೊಳಗಿನ ಸ್ಟೆಂಟ್ ಇಂದು ಮೊದಲ ಆಯ್ಕೆಯಲ್ಲ. ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಂಡೂ ತೊಂದರೆ ಮರುಕಳಿಸುವ ಕೆಲವರಿಗೆ, ಅನುಭವಿ ಕೇಂದ್ರಗಳಲ್ಲಿ ಮಾತ್ರ ಅದನ್ನು ಯೋಚಿಸುತ್ತಾರೆ.

ಕುತ್ತಿಗೆಯ ನಾಳದ ವಿಷಯ ಬೇರೆ. ಅಲ್ಲಿ ಶೇ. 70ಕ್ಕಿಂತ ಹೆಚ್ಚು ಕಿರಿದಾಗಿ, ಅದೇ ಕಾರಣದಿಂದ ಪಾರ್ಶ್ವವಾಯು ಅಥವಾ ಮುನ್ಸೂಚನೆ ಕಂಡಿದ್ದರೆ, ಶಸ್ತ್ರಚಿಕಿತ್ಸೆ ಅಥವಾ ಸ್ಟೆಂಟ್ ಮುಂದಿನ ಪಾರ್ಶ್ವವಾಯುವನ್ನು ತಡೆಯಬಲ್ಲದು. ಸಾಧ್ಯವಾದಷ್ಟೂ ಎರಡು ವಾರಗಳೊಳಗೆ ಮಾಡಿದರೆ ಹೆಚ್ಚು ಪ್ರಯೋಜನ. ಆದರೆ ಇದರಿಂದ ನೆನಪು, ಯೋಚನೆ ಸುಧಾರಿಸುತ್ತದೆಯೇ ಎಂಬುದಕ್ಕೆ ಅಧ್ಯಯನಗಳ ಉತ್ತರ ಒಂದೇ ರೀತಿಯಿಲ್ಲ. ಕೆಲವರು ಚುರುಕಾಗುತ್ತಾರೆ, ಹಲವರು ಇದ್ದಂತೆಯೇ ಇರುತ್ತಾರೆ, ಕೆಲವರು ಕುಂದುತ್ತಾರೆ. "ಮರೆವು ಹೋಗುತ್ತದೆ" ಎಂಬ ಒಂದೇ ಆಸೆಯಿಂದ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ. ಪಾರ್ಶ್ವವಾಯು ತಡೆಗೆ ಎಷ್ಟು ಲಾಭ, ಎಷ್ಟು ಅಪಾಯ ಎಂದು ಕೇಳಿ ತೀರ್ಮಾನಿಸಿ.

ಸಾಮಾನ್ಯವಾಗಿ ಕೊಡುವ ಔಷಧಿಗಳು:

• ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್. ತಲೆಯೊಳಗಿನ ನಾಳ ತೀವ್ರವಾಗಿ ಕಿರಿದಾಗಿದ್ದು ಇತ್ತೀಚೆಗೆ ಪಾರ್ಶ್ವವಾಯು ಆಗಿದ್ದರೆ ಎರಡನ್ನೂ ಸುಮಾರು ಮೂರು ತಿಂಗಳು ಕೊಟ್ಟು, ಆಮೇಲೆ ಒಂದನ್ನು ಮುಂದುವರಿಸುವುದು ವಾಡಿಕೆ. ಎರಡನ್ನೂ ಎಂದಿನವರೆಗೆ ತೆಗೆದುಕೊಳ್ಳಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸುಮ್ಮನೆ ಮುಂದುವರಿಸಿದರೆ ರಕ್ತಸ್ರಾವದ ಅಪಾಯ, ತಾವಾಗಿ ನಿಲ್ಲಿಸಿದರೆ ಪಾರ್ಶ್ವವಾಯುವಿನ ಅಪಾಯ.
• ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್. ಇಂಥ ರೋಗಿಗಳಲ್ಲಿ ಎಲ್‌ಡಿಎಲ್ ಮಟ್ಟ 70ಕ್ಕಿಂತ ಕೆಳಗಿರಬೇಕೆಂಬುದು ಸಾಮಾನ್ಯ ಗುರಿ. ಸ್ಟ್ಯಾಟಿನ್‌ನಿಂದಲೇ ಮರೆವು ಬರುತ್ತದೆ ಎಂಬ ಸುದ್ದಿ ಮೊಬೈಲಿನಲ್ಲಿ ಓಡಾಡುತ್ತಿರುತ್ತದೆ. ದೊಡ್ಡ ಅಧ್ಯಯನಗಳಲ್ಲಿ ಸ್ಟ್ಯಾಟಿನ್‌ನಿಂದ ಡಿಮೆನ್ಷಿಯಾ ಹೆಚ್ಚಾಗುವುದು ಕಂಡಿಲ್ಲ. ಅನುಮಾನವಿದ್ದರೆ ವೈದ್ಯರನ್ನು ಕೇಳಿ, ಮಾತ್ರೆ ಬಿಡಬೇಡಿ.
• ಬಿಪಿ ಮತ್ತು ಸಕ್ಕರೆಯ ಮಾತ್ರೆಗಳು.

ಮರೆವಿಗೆಂದು ಕೊಡುವ ಡೊನೆಪೆಜಿಲ್‌ನಂಥ ಮಾತ್ರೆಗಳಿಂದ ಕೆಲವರಿಗೆ ಅಲ್ಪ ಪ್ರಯೋಜನ ಆಗಬಹುದು. ಅವು ನಾಳವನ್ನು ಅಗಲ ಮಾಡುವುದಿಲ್ಲ. "ನೆನಪಿನ ಟಾನಿಕ್", ಗಿಂಕೋ ಮುಂತಾದವು ಹೆಪ್ಪುತಡೆ ಮಾತ್ರೆಗಳ ಜೊತೆ ಸೇರಿ ರಕ್ತಸ್ರಾವ ಹೆಚ್ಚಿಸಬಹುದು. ಯಾವುದೇ ಪುಡಿ, ಕಷಾಯ, ಮಾತ್ರೆ ಕೊಡುತ್ತಿದ್ದರೂ ವೈದ್ಯರಿಗೆ ತಿಳಿಸಿ.

ಬಿಪಿ: ಹೆಚ್ಚೂ ಬೇಡ, ತೀರಾ ಕಡಿಮೆಯೂ ಬೇಡ

ಬಿಪಿ ನಿಯಂತ್ರಣದಿಂದ ಯೋಚನಾಶಕ್ತಿ ಉಳಿಯುತ್ತದೆಯೇ? 2019ರಲ್ಲಿ ಪ್ರಕಟವಾದ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ ಅಮೆರಿಕದ 9,000ಕ್ಕೂ ಹೆಚ್ಚು ಜನರಿದ್ದರು. ಮೇಲಿನ ಬಿಪಿಯನ್ನು 120ಕ್ಕಿಂತ ಕೆಳಗೆ ತರುವ ಗುರಿಯಿದ್ದವರಲ್ಲಿ, 140ರ ಗುರಿಯಿದ್ದವರಿಗಿಂತ, ಆರಂಭ ಹಂತದ ಅರಿವಿನ ಕೊರತೆ ಕಡಿಮೆ ಕಂಡಿತು. ಡಿಮೆನ್ಷಿಯಾ ಮಟ್ಟಿಗೆ ವ್ಯತ್ಯಾಸ ಖಚಿತವಾಗಲಿಲ್ಲ. ಆದರೆ ಆ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯವರೂ ಹಿಂದೆ ಪಾರ್ಶ್ವವಾಯು ಆದವರೂ ಇರಲಿಲ್ಲ. ಹಾಗಾಗಿ ಆ 120 ಎಂಬ ಅಂಕಿಯನ್ನು ನಿಮ್ಮ ಮನೆಯವರಿಗೆ ನೇರವಾಗಿ ಅನ್ವಯಿಸಬೇಡಿ.

ನಾಳ ತೀವ್ರವಾಗಿ ಕಿರಿದಾಗಿರುವವರಲ್ಲಿ ಬಿಪಿ ಒಮ್ಮೆಲೇ ಕುಸಿದರೆ ಕಿರಿದಾದ ಜಾಗದ ಆಚೆಗೆ ರಕ್ತ ಸಾಲದೇ ಹೋಗಬಹುದು. ಎದ್ದು ನಿಂತಾಗ ತಲೆಸುತ್ತು, ಕಣ್ಣು ಕತ್ತಲೆ, ಮಾತ್ರೆ ತೆಗೆದುಕೊಂಡ ಒಂದೆರಡು ಗಂಟೆಯಲ್ಲಿ ಮಂಕು ಕಂಡರೆ ಕೂತಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಬೇಸಿಗೆಯಲ್ಲಿ, ಭೇದಿ ಆದಾಗ, ಉಪವಾಸದ ದಿನಗಳಲ್ಲಿ ನೀರಿನಂಶ ಕಡಿಮೆಯಾಗಿ ಇದು ಹೆಚ್ಚುತ್ತದೆ. ಏಕಾದಶಿ, ವ್ರತಗಳ ಉಪವಾಸದ ಬಗ್ಗೆ ಮೊದಲೇ ವೈದ್ಯರನ್ನು ಕೇಳಿ.

ಮಾತ್ರೆಯ ಡಬ್ಬಿ ಯಾರ ಕೈಯಲ್ಲಿ?

ಈ ಕಾಯಿಲೆಯ ಚಿಕಿತ್ಸೆ ಎಂದರೆ ದಿನಕ್ಕೆ ಏಳೆಂಟು ಮಾತ್ರೆ, ಬೇರೆ ಬೇರೆ ಹೊತ್ತು, ಮುಗಿಯುವ ಮೊದಲು ಮತ್ತೆ ತರಿಸುವುದು, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಇದೆಲ್ಲಕ್ಕೂ ಯೋಜನಾಶಕ್ತಿ ಬೇಕು. ಕುಂದಿರುವುದು ಅದೇ. ಮಾತ್ರೆ ತಪ್ಪುತ್ತದೆ, ಬಿಪಿ ಏರುತ್ತದೆ, ಇನ್ನೊಂದು ಸಣ್ಣ ಪೆಟ್ಟು ಬೀಳುತ್ತದೆ, ಯೋಜನಾಶಕ್ತಿ ಇನ್ನಷ್ಟು ಕುಂದುತ್ತದೆ, ಮಾತ್ರೆ ಇನ್ನಷ್ಟು ತಪ್ಪುತ್ತದೆ. ಈ ಸುಳಿಯನ್ನು ಹೊರಗಿನವರೊಬ್ಬರು ಮುರಿಯಬೇಕು.

"ಮಾತ್ರೆ ತಗೊಂಡ್ರಾ?" ಎಂದು ಕೇಳಿದರೆ ಸಾಲದು. "ಹೂಂ" ಎನ್ನುತ್ತಾರೆ, ಅವರೂ ಹಾಗೆಂದೇ ನಂಬಿರುತ್ತಾರೆ. ಹೀಗೆ ಮಾಡಿ:

• ವಾರದ ಏಳು ದಿನ, ಬೆಳಗ್ಗೆ-ಮಧ್ಯಾಹ್ನ-ರಾತ್ರಿ ಖಾನೆಗಳಿರುವ ಡಬ್ಬಿ ತಂದು ವಾರಕ್ಕೊಮ್ಮೆ ನೀವೇ ತುಂಬಿ. ಖಾಲಿ ಖಾನೆ ನೋಡಿ ತಿಳಿದುಕೊಳ್ಳಿ.
• ಮಾತ್ರೆಗಳನ್ನು ಕಡಿಮೆ ಹೊತ್ತುಗಳಿಗೆ ಹೊಂದಿಸಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ನಾಲ್ಕು ಹೊತ್ತಿಗಿಂತ ಎರಡು ಹೊತ್ತು ಸುಲಭ.
• ಪಟ್ಟಿಯನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ: ಯಾವ ಮಾತ್ರೆ, ಯಾವುದಕ್ಕೆ, ಯಾವಾಗ. ಅದರ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲಿರಲಿ.
• ತಂದೆತಾಯಿ ಊರಲ್ಲಿ ಇಬ್ಬರೇ ಇದ್ದು ನೀವು ಮುಂಬೈ ಅಥವಾ ಚೆನ್ನೈನಲ್ಲಿದ್ದರೆ, ದಿನವೂ ಒಂದೇ ಹೊತ್ತಿಗೆ ವಿಡಿಯೋ ಕರೆ ಮಾಡಿ, ಡಬ್ಬಿ ತೋರಿಸಲು ಹೇಳಿ. ಮಾತುಕತೆಯೂ ಆಗುತ್ತದೆ, ಮಾತ್ರೆಯೂ ಆಗುತ್ತದೆ.
• ಅವರು ಮಕ್ಕಳ ಮನೆಗಳ ನಡುವೆ ಓಡಾಡುತ್ತಿದ್ದರೆ ಮಾತ್ರೆ, ಪಟ್ಟಿ, ವರದಿಗಳು ಒಂದೇ ಚೀಲದಲ್ಲಿರಲಿ. ಊರು ಬದಲಾದಾಗ ಒಂದೇ ಮಾತ್ರೆ ಎರಡು ಕಂಪನಿಗಳ ಹೆಸರಿನಲ್ಲಿ ಎರಡು ಸಲ ಹೊಟ್ಟೆಗೆ ಹೋಗುವುದುಂಟು.

ಇದನ್ನು ಅವರ ಮಾನಕ್ಕೆ ಪೆಟ್ಟಾಗದಂತೆ ಮಾಡಿ. "ನಿಮಗೆ ಆಗಲ್ಲ, ಕೊಡಿ" ಎನ್ನುವುದಕ್ಕಿಂತ "ಡಬ್ಬಿ ತುಂಬುವುದು ನನ್ನ ಕೆಲಸ, ತೆಗೆದುಕೊಳ್ಳುವುದು ನಿಮ್ಮ ಕೆಲಸ" ಎಂದರೆ ಒಪ್ಪುತ್ತಾರೆ.

ದಿನನಿತ್ಯದ ಬದುಕಿನಲ್ಲಿ

2015ರಲ್ಲಿ ಪ್ರಕಟವಾದ ಫಿನ್ಲೆಂಡಿನ ಫಿಂಗರ್ ಅಧ್ಯಯನದಲ್ಲಿ, ಮರೆವಿನ ಅಪಾಯ ಹೆಚ್ಚಿದ್ದ 60ರಿಂದ 77 ವಯಸ್ಸಿನ 1,260 ಜನರನ್ನು ಎರಡು ವರ್ಷ ಗಮನಿಸಿದರು. ಒಳ್ಳೆಯ ಆಹಾರ, ವ್ಯಾಯಾಮ, ಮಿದುಳಿಗೆ ಅಭ್ಯಾಸ, ಬಿಪಿ-ಸಕ್ಕರೆಗಳ ನಿಗಾ ನಾಲ್ಕನ್ನೂ ಒಟ್ಟಿಗೆ ಮಾಡಿದವರ ಯೋಚನಾಶಕ್ತಿ, ಬರೀ ಸಲಹೆ ಪಡೆದವರಿಗಿಂತ ಚೆನ್ನಾಗಿ ಉಳಿಯಿತು. ಯಾವುದೋ ಒಂದನ್ನಲ್ಲ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಿದ್ದರ ಫಲ ಇದು.

ನಡಿಗೆ: ವೈದ್ಯರ ಒಪ್ಪಿಗೆ ಪಡೆದು ವಾರದಲ್ಲಿ ಐದು ದಿನ ಅರ್ಧ ಗಂಟೆ. ಆರಂಭದಲ್ಲಿ ಹತ್ತು ಹತ್ತು ನಿಮಿಷವಾದರೂ ಸರಿ. ಬೀಳುವ ಭಯವಿದ್ದರೆ ಜೊತೆಗೊಬ್ಬರು ಬೇಕು.

ಊಟ: ದಿನಕ್ಕೆ ಒಟ್ಟು ಉಪ್ಪು ಒಂದು ಟೀ ಚಮಚ, ಅಂದರೆ 5 ಗ್ರಾಂ ಮೀರಬಾರದು. ಸಾರಿನ ಉಪ್ಪು ತಗ್ಗಿಸಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿಗಳನ್ನು ಹಾಗೇ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಸೊಪ್ಪು, ಕಾಳು, ತರಕಾರಿ, ಹಣ್ಣು ಹೆಚ್ಚಲಿ. ಮೀನು ತಿನ್ನುವವರು ಹುರಿದದ್ದಕ್ಕಿಂತ ಸಾರಿನ ಮೀನು ತಿನ್ನಲಿ.

ತಂಬಾಕು: ಬೀಡಿ, ಸಿಗರೇಟು, ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು, ಗುಟ್ಕಾ ಎಲ್ಲವೂ ನಿಲ್ಲಬೇಕು.

ಮಾತು: ಮಾತಾಡಲು ಜನರಿಲ್ಲದಿರುವುದು ಪರವೂರಿನ ಹಿರಿಯರ ದೊಡ್ಡ ತೊಂದರೆ. ಹೈದರಾಬಾದಿನಲ್ಲಿ ಪಾರ್ಶ್ವವಾಯು ಆದ 608 ಜನರನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಶೇ. 40.5 ಮಂದಿಯ ಯೋಚನಾಶಕ್ತಿ ಸಹಜವಾಗಿ ಉಳಿದಿತ್ತು. ಒಂದೇ ಭಾಷೆಯವರಲ್ಲಿ ಅದು ಶೇ. 19.6. ಈಗ ಹೊಸ ಭಾಷೆ ಕಲಿತರೆ ಕಾಯಿಲೆ ಹೋಗುತ್ತದೆ ಎಂದು ಇದರರ್ಥವಲ್ಲ. ಆದರೆ ಇರುವ ಭಾಷೆಗಳನ್ನು ಬಳಸುತ್ತಿರಲಿ. ಮನೆಯಲ್ಲಿ ಮೊಮ್ಮಕ್ಕಳೊಂದಿಗೆ ಕನ್ನಡ, ತರಕಾರಿಯವರೊಂದಿಗೆ ಮರಾಠಿಯೋ ತೆಲುಗೋ, ಹತ್ತಿರದ ಕನ್ನಡ ಸಂಘದ ಕಾರ್ಯಕ್ರಮ, ಭಜನೆ ಎಲ್ಲವೂ ಒಳ್ಳೆಯದೇ. ಕಿವಿ ಮಂದವಾಗಿದ್ದರೆ ಶ್ರವಣ ಸಾಧನ ಕೊಡಿಸಿ.

ಮಾತಾಡುವಾಗ ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ಟಿವಿ ಆರಿಸಿ. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನೀವು ನಡುವೆ ಬಾಯಿ ಹಾಕದಿದ್ದರೆ ಉತ್ತರ ಬರುತ್ತದೆ.

ಹಣ, ಮೊಬೈಲು, ವಾಹನ

ಯೋಜನೆ ಮತ್ತು ತೀರ್ಮಾನದ ಶಕ್ತಿ ಕುಂದಿದವರು ಮೋಸದ ಕರೆಗಳಿಗೆ ಬೇಗ ಸಿಕ್ಕಿಬೀಳುತ್ತಾರೆ. ಹಣ ವರ್ಗಾವಣೆಯ ಮಿತಿ ತಗ್ಗಿಸಿ, ದೊಡ್ಡ ಮೊತ್ತವನ್ನು ಮೊಬೈಲಿಗೆ ಜೋಡಿಸದ ಖಾತೆಯಲ್ಲಿಡಿ, ಬ್ಯಾಂಕಿನ ಸಂದೇಶ ನಿಮಗೂ ಬರುವಂತೆ ಮಾಡಿ. ಆನ್‌ಲೈನ್ ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಜಂಟಿ ಖಾತೆ, ನಾಮಿನಿ, ಉಯಿಲು ಇವುಗಳ ಕೆಲಸವನ್ನು ಅವರಿಗೆ ಚೆನ್ನಾಗಿ ಅರ್ಥವಾಗುವ ಹಂತದಲ್ಲೇ, ಅವರ ಇಚ್ಛೆಯಂತೆ ಮುಗಿಸಿ. ನಮ್ಮ ದೇಶದ ಕಾನೂನಿನಲ್ಲಿ, ಬರೆದುಕೊಟ್ಟವರ ಮನಸ್ಸಿನ ಸ್ವಾಧೀನ ತಪ್ಪಿದರೆ ಸಾಮಾನ್ಯ ಪವರ್ ಆಫ್ ಅಟಾರ್ನಿ ಊರ್ಜಿತವಾಗಿ ಉಳಿಯುವುದಿಲ್ಲ. ಅದೊಂದನ್ನೇ ನಂಬದೆ ವಕೀಲರನ್ನು ವಿಚಾರಿಸಿ.

ವಾಹನ ಓಡಿಸುವ ಬಗ್ಗೆ ವೈದ್ಯರ ಬಾಯಿಂದಲೇ ಹೇಳಿಸಿ. ಮಗ ಹೇಳಿದರೆ ಜಗಳವಾಗುವ ಮಾತು ಡಾಕ್ಟರ್ ಹೇಳಿದರೆ ನಡೆಯುತ್ತದೆ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದಾಗ

ಮುಖ ಒಂದು ಕಡೆ ಜೋತುಬಿದ್ದರೆ, ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ, ಇದ್ದಕ್ಕಿದ್ದಂತೆ ನೋಟ ಹೋದರೆ ಅಥವಾ ತೂಕ ತಪ್ಪಿ ಬಿದ್ದರೆ 112 ಅಥವಾ ನಿಮ್ಮ ರಾಜ್ಯದ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊನೆಯದಾಗಿ ಅವರು ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ನೆನಪಿಟ್ಟು ಹೇಳಿ. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೂ ಹೋಗಿ, ಅದು ದೊಡ್ಡ ಪೆಟ್ಟಿನ ಮುನ್ಸೂಚನೆ ಇರಬಹುದು.

ಒಂದೆರಡು ದಿನದಲ್ಲೇ ಗೊಂದಲ, ತೂಕಡಿಕೆ, ಇಲ್ಲದ್ದು ಕಾಣುವುದು ಶುರುವಾದರೆ ಅದನ್ನು "ಮರೆವು ಹೆಚ್ಚಾಯಿತು" ಎಂದು ಬಿಡಬೇಡಿ. ಮೂತ್ರದ ಸೋಂಕು, ಸೋಡಿಯಂ ಇಳಿತ, ಹೊಸ ಮಾತ್ರೆ ಕಾರಣವಿರಬಹುದು. ಅಂದೇ ವೈದ್ಯರಿಗೆ ತೋರಿಸಿ.

ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ

1. ಯಾವ ನಾಳ, ಎಷ್ಟು ಶೇಕಡಾ ಕಿರಿದಾಗಿದೆ? ಪರ್ಯಾಯ ರಕ್ತಸಂಚಾರ ಹೇಗಿದೆ?
2. ಎಂಆರ್‌ಐನಲ್ಲಿ ಹಳೆಯ ಸಣ್ಣ ಪೆಟ್ಟುಗಳಿವೆಯೇ?
3. ನೆನಪು ಮತ್ತು ಯೋಚನೆಯ ಪರೀಕ್ಷೆಯನ್ನು ಕನ್ನಡದಲ್ಲಿ ಮಾಡಬಹುದೇ? ಮತ್ತೆ ಯಾವಾಗ ಮಾಡಬೇಕು?
4. ಇವರಿಗೆ ಬಿಪಿ, ಎಲ್‌ಡಿಎಲ್, ಸಕ್ಕರೆಯ ಗುರಿ ಎಷ್ಟು?
5. ಎರಡು ಹೆಪ್ಪುತಡೆ ಮಾತ್ರೆಗಳು ಎಂದಿನವರೆಗೆ?
6. ಈ ಪಟ್ಟಿಯಲ್ಲಿ ಮಂಕು ತರುವ ಮಾತ್ರೆ ಯಾವುದಾದರೂ ಇದೆಯೇ?

ಆರೈಕೆ ಮಾಡುವ ನಿಮಗೆ

ನಿಧಾನವಾದವರ ಜೊತೆ ಬದುಕುವುದು ತಾಳ್ಮೆಯನ್ನು ಪರೀಕ್ಷಿಸುತ್ತದೆ. ಒಮ್ಮೊಮ್ಮೆ ರೇಗುತ್ತೀರಿ, ಆಮೇಲೆ ನೊಂದುಕೊಳ್ಳುತ್ತೀರಿ. ಇದು ಎಲ್ಲ ಮನೆಗಳಲ್ಲೂ ಇದೆ. ಕೆಲಸವನ್ನು ಒಬ್ಬರ ಮೇಲೇ ಬಿಡಬೇಡಿ. ದೂರದ ತಮ್ಮ ಔಷಧಿ ತರಿಸುವ ಖರ್ಚು ನೋಡಿಕೊಳ್ಳಲಿ, ತಂಗಿ ದಿನದ ಕರೆ ಮಾಡಲಿ, ವಾರಕ್ಕೊಂದು ಮಧ್ಯಾಹ್ನ ನಿಮಗೆ ಬಿಡುವಿರಲಿ. ಮನಸ್ಸು ತೀರಾ ಭಾರವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567.

ರೋಗಿ ನೀವೇ ಆಗಿದ್ದು ಇದನ್ನು ಓದುತ್ತಿದ್ದರೆ: ತಡವಾಗಿ ಉತ್ತರ ಬರುವುದು ನಿಮ್ಮ ತಪ್ಪಲ್ಲ. "ಸ್ವಲ್ಪ ಹೊತ್ತು ಕೊಡಿ, ಹೇಳುತ್ತೇನೆ" ಎಂದು ಹೇಳುವ ಹಕ್ಕು ನಿಮಗಿದೆ. ಮಾತ್ರೆಯ ವಿಷಯದಲ್ಲಿ ಮನೆಯವರ ಸಹಾಯ ಪಡೆಯುವುದು ಸೋಲಲ್ಲ. ಇನ್ನೂ ಚೆನ್ನಾಗಿರುವ ನಿಮ್ಮ ಮಿದುಳಿನ ಭಾಗವನ್ನು ಚೆನ್ನಾಗಿಯೇ ಉಳಿಸಿಕೊಳ್ಳುವ ದಾರಿ ಅದು.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ಮಾತ್ರೆ ಆರಂಭಿಸುವ, ಬದಲಿಸುವ, ನಿಲ್ಲಿಸುವ ಮೊದಲು ನಿಮ್ಮ ನರರೋಗ ತಜ್ಞರನ್ನು ಕೇಳಿ.